ಹೊಸ ಹೋರಿಯೂ ಹೊಸ ಇಂಜಿನೂ

ಈ ಸಂಚಿಕೆಗಾಗಿ ಉಪಯುಕ್ತವಾದುದೇನನ್ನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ವಿಜ್ಞಾನ ಸಂಘದ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿರುವ ಕೆಟ್ಟುಹೋದ ಇಂಜಿನೊಂದು ನಮ್ಮ ನೆನಪಿಗೆ ಬಂದಿತು. ಎರಡು ಅಂಗೈಗಳಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಯಂತ್ರವದು. ಮಾದರಿ ವಿಮಾನವನ್ನು ಹಾರಿಸಬೇಕೆಂಬ ಆಸೆಯಿಂದ ನಮ್ಮ ಹುಡುಗಿಯರು ತಿಂಗಳುಗಟ್ಟಲೆ ಕೂಡಿಸಿದ ಹಣದಿಂದ ಅದನ್ನು ತರಿಸಲಾಗಿತ್ತು. ಅದು ಹತ್ತು ನಿಮಿಷವೂ ಬಾಳಲಿಲ್ಲ. ಅದು ಏಕೆ ಕೆಟ್ಟಿತು, ಮುಂದೆ ತಂದ ಎರಡನೆಯದು ಏಕೆ ಇಂದಿಗೂ ಓಡುತ್ತಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಾನ್ವಿ ತಾಲೂಕಿನ ಕುರ್ಡಿಯ ಪೋಷಕರೊಬ್ಬರು ಹತ್ತಿ ಕಿತ್ತ ಮೇಲೆ ಬರಿದಾಗಿದ್ದ ತಮ್ಮ ಹೊಲವನ್ನು ವಿಮಾನ ಹಾರಿಸುವುದಕ್ಕೆ ಬಿಟ್ಟುಕೊಟ್ಟಿದ್ದರು. ಕೃಷ್ಣೆ ತುಂಗಭದ್ರೆಗಳ ನಡುವಣ ಆ ಎರೆಯ ನೆಲವು ಬಯಲಾಗಿಯೂ ಮಟ್ಟಸವಾಗಿಯೂ ಇದ್ದು, ಇಂಥ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ನೋಡುವುದಕ್ಕೆ ಊರವರೂ ನೆರೆದಿದ್ದರು. ಅಷ್ಟು ಜನರ ಎದುರಿಗೆ ತಡಮಾಡಲು ನಮಗೆ ಮನಸ್ಸಾಗಲಿಲ್ಲ. ಪೆಟ್ಟಿಗೆಯಿಂದ ಆಗತಾನೆ ತೆಗೆದ ಇಂಜಿನನ್ನು ಚಾಲೂ ಮಾಡಿ, ಅದರ ದನಿ ಇನ್ನೂ ಜೋರಾಗಲೆಂದು ಪೆಟ್ರೋಲಿನ ಸೂಜಿಯನ್ನು ಬಿಗಿಮಾಡುತ್ತ ಹೋಗಿ, ಪೂರ್ತಿ ವೇಗದಲ್ಲಿ ಓಡಿಸಿದೆವು. ಸ್ವಲ್ಪ ಹೊತ್ತಿನಲ್ಲಿಯೇ ದನಿಯು ಕೀರಲಾಯಿತು, ವೇಗ ಕುಗ್ಗಿತು, ಇಂಜಿನು ಹಠಾತ್ತಾಗಿ ನಿಂತಿತು. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದರೆ ಅಲುಗಲಿಲ್ಲ. ಹೊಲದ ಯಜಮಾನರು ಸುಮ್ಮನೆ ನೋಡುತ್ತಿದ್ದು, "ಹೊಸ ಹೋರಿಗೆ ಮೊದಲ ದಿನಾನೇ ಇಡೀ ದಿನ ಗಳೇವು ಹೂಡತಾರೇನ್ರೀ, ಟೀಚರ್ರೇ?" ಎಂದರು. ತಪ್ಪು ಇಂಜಿನಿನದಲ್ಲ, ಅದನ್ನು ಮಾಡಿದವರದೂ ಅಲ್ಲ; ಅವಸರಪಟ್ಟ ನಮ್ಮದು. ಆ ರೈತರ ಒಂದು ಮಾತಿನಲ್ಲಿ ನಾವು ಕಲಿಯಬೇಕಾಗಿದ್ದ ಪಾಠವೆಲ್ಲವೂ ಅಡಗಿತ್ತು.

ಈ ಇಂಜಿನು ಎಂಥದು

ಪೆಟ್ರೋಲಿನ ಬಲದಿಂದ ಮಾದರಿ ವಿಮಾನವನ್ನು ಹಾರಿಸುವುದು ಹೊಸ ವಿದ್ಯೆಯಲ್ಲ. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಮನುಷ್ಯನನ್ನು ಹೊತ್ತ ವಿಮಾನವನ್ನು ಹಾರಿಸುವುದಕ್ಕೆ ಎರಡು ವರ್ಷ ಮೊದಲೇ, 1901ರ ಜೂನ್ 18ರಂದು, ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ವಿಜ್ಞಾನಿಯು ತಾನು ಕಟ್ಟಬೇಕೆಂದಿದ್ದ ವಿಮಾನದ ಕಾಲುಭಾಗದಷ್ಟು ಅಳತೆಯ ಮಾದರಿಯನ್ನು ಪೆಟ್ರೋಲು ಇಂಜಿನಿನಿಂದ ಹಾರಿಸಿದ್ದನು. 1930ರ ದಶಕದ ಆರಂಭದಲ್ಲಿ ಅದೇ ದೇಶದ ಬಿಲ್ ಬ್ರೌನ್ ಎಂಬ ತರುಣನು ಸುಮಾರು 10 ಸಿ.ಸಿ. ಗಾತ್ರದ ಪುಟ್ಟ ಇಂಜಿನನ್ನು ನಿರ್ಮಿಸಿದ ಮೇಲೆ ಈ ಹವ್ಯಾಸವು ಸಾಮಾನ್ಯ ಜನರ ಕೈಗೂ ಎಟುಕಿತು. ನಮ್ಮ ದೇಶದಲ್ಲಿ ಎನ್.ಸಿ.ಸಿ.ಯ ವಾಯುದಳದ ಶಿಕ್ಷಣದಲ್ಲಿ ಮಾದರಿ ವಿಮಾನ ನಿರ್ಮಾಣವೂ ಒಂದು ಪಾಠವಾಗಿದ್ದು, ಬಾಲಕಿಯರೂ ಅದನ್ನು ಕಲಿಯುತ್ತಾರೆ.

ಇಂದು ಮಾದರಿ ವಿಮಾನಗಳಲ್ಲಿ ಬಳಸುವ ಪೆಟ್ರೋಲು ಇಂಜಿನುಗಳು ಬಹುಮಟ್ಟಿಗೆ ಟೂ-ಸ್ಟ್ರೋಕ್ ಎಂಬ ಜಾತಿಯವು. ನಮ್ಮ ಪೋಷಕರಿಗೆ ಇದು ಅಪರಿಚಿತವೇನೂ ಅಲ್ಲ. ಹತ್ತಿಗೂ ಭತ್ತಕ್ಕೂ ಔಷಧ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪೆಟ್ರೋಲು ಪಂಪುಗಳಲ್ಲಿ ಅನೇಕವು ಇದೇ ಜಾತಿಯ, ಸುಮಾರು ಇದೇ ಗಾತ್ರದ ಇಂಜಿನುಳ್ಳವು. ಆದುದರಿಂದ ಮುಂದೆ ಹೇಳುವುದರಲ್ಲಿ ಹೆಚ್ಚಿನ ಭಾಗವು ವಿಮಾನದ ಹಂಬಲವಿಲ್ಲದ ಮನೆಗಳಿಗೂ ಸಲ್ಲತಕ್ಕದ್ದು.

ಟೂ-ಸ್ಟ್ರೋಕ್ ಇಂಜಿನಿನಲ್ಲಿ ಆಯಿಲಿಗೆಂದು ಬೇರೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನಲ್ಲಿ ಕಲೆಸಿದ ಆಯಿಲೇ ಒಳಗಿನ ಭಾಗಗಳನ್ನೆಲ್ಲ ಸವರಿಕೊಂಡು ಹೋಗುತ್ತದೆ. ಪಿಸ್ಟನು ಒಮ್ಮೆ ಮೇಲೇರಿ ಇಳಿದರೆ ಒಂದು ಸಲ ಬೆಂಕಿ ಹೊತ್ತುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಇಂಜಿನಿನಲ್ಲಿ ಒಂದು ಸೆಕೆಂಡಿಗೆ 100 ಸಲ. ಆ ಬೆಂಕಿಯ ನಡುವೆ ಪಿಸ್ಟನನ್ನು ಸಿಲಿಂಡರಿಗೆ ಅಂಟದಂತೆ ಕಾಯುವುದು ಆ ತೆಳ್ಳನೆಯ ಆಯಿಲಿನ ಪೊರೆಯೊಂದೇ. ಇದನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದುದು ತಾನಾಗಿ ತಿಳಿಯುವುದು.

ಪಳಗಿಸುವುದು ಏಕೆ

ಹೊಸ ಇಂಜಿನಿನ ಸಿಲಿಂಡರು ಕಣ್ಣಿಗೆ ಕನ್ನಡಿಯಂತೆ ನುಣುಪಾಗಿ ಕಂಡರೂ, ಭೂತಗನ್ನಡಿಯಲ್ಲಿ ನೋಡಿದರೆ ಸಾಣೆ ಹಿಡಿದ ಗೀರುಗಳಿಂದ ತುಂಬಿರುತ್ತದೆ. ಪಿಸ್ಟನಿನ ಸುತ್ತಲಿರುವ ರಿಂಗಿನ ಮೈಯೂ ಹಾಗೆಯೇ. ಆರಂಭದಲ್ಲಿ ಇವೆರಡೂ ತಮ್ಮ ಉಬ್ಬುಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಅಲ್ಲಿ ಉಜ್ಜಾಟವೂ ಶಾಖವೂ ಹೆಚ್ಚು. ಮೆಲ್ಲಮೆಲ್ಲನೆ ಓಡಿಸಿದರೆ ಉಬ್ಬುಗಳು ಸವೆದು, ರಿಂಗು ಸಿಲಿಂಡರಿಗೆ ಸುತ್ತಲೂ ಸರಿಯಾಗಿ ಹೊಂದಿಕೊಳ್ಳುತ್ತದೆ. ಬಳಿಕ ಅನಿಲವು ಸೋರುವುದಿಲ್ಲ, ಬಲ ಹೆಚ್ಚುತ್ತದೆ, ಶಾಖ ತಗ್ಗುತ್ತದೆ.

ಅವಸರ ಮಾಡಿದರೆ ಆಗುವುದೇನು? ಪಿಸ್ಟನು ಅಲ್ಯೂಮಿನಿಯಮಿನದು; ಕಾದಾಗ ಬೇಗ ಹಿಗ್ಗುತ್ತದೆ. ಹೊರಗಿನ ಸಿಲಿಂಡರಿಗೆ ಗಾಳಿ ತಾಗಿ ತಂಪಾಗಲು ರೆಕ್ಕೆಗಳಿವೆ; ಒಳಗಿನ ಪಿಸ್ಟನಿಗೆ ಅಂಥ ಅನುಕೂಲವಿಲ್ಲ. ಉಜ್ಜಾಟದಿಂದ ಅದು ಮಿತಿಮೀರಿ ಹಿಗ್ಗಿತೆಂದರೆ ಆಯಿಲಿನ ಪೊರೆ ಹರಿದು, ಲೋಹಕ್ಕೆ ಲೋಹ ತಾಗಿ, ಗೀರುಬಿದ್ದು ಕಚ್ಚಿಕೊಳ್ಳುತ್ತದೆ. ನಮ್ಮ ಮೊದಲ ಇಂಜಿನಿಗೆ ಆದುದು ಇದೇ. ಹೀಗೆ ಕಚ್ಚಿಕೊಂಡ ಇಂಜಿನನ್ನು ಬಿಡಿಸಿದರೂ ಅದಕ್ಕೆ ಹಿಂದಿನ ಕಸುವು ಬರುವುದು ಅಪರೂಪ.

ಮೊದಲು ಮಾಡಿಕೊಳ್ಳತಕ್ಕ ಸಿದ್ಧತೆ

ಎರಡನೆಯ ಇಂಜಿನನ್ನು ನಾವು ನೇರವಾಗಿ ವಿಮಾನಕ್ಕೆ ಕಟ್ಟಲಿಲ್ಲ. ದಪ್ಪ ಹಲಗೆಗೆ ಬೋಲ್ಟು ಹಾಕಿ, ಆ ಹಲಗೆಯನ್ನು ಅಲುಗಾಡದ ಭಾರವಾದ ಮೇಜಿಗೆ ಬಿಗಿದೆವು. ಎರೆಯ ಮಣ್ಣು ಒಣಗಿದಾಗ ಏಳುವ ಧೂಳು ಇಂಜಿನಿಗೆ ಸಾಣೆಯ ಪುಡಿಯಂತೆಯೇ ಸರಿ. ಮಾದರಿ ವಿಮಾನದ ಕಾರ್ಬುರೇಟರಿಗೆ ಬಹುಮಟ್ಟಿಗೆ ಗಾಳಿ ಸೋಸುವ ಜಾಲರಿಯೂ ಇರುವುದಿಲ್ಲ. ಆದುದರಿಂದ ನೆಲಕ್ಕೆ ನೀರು ಚಿಮುಕಿಸಿ, ತಾಡಪತ್ರಿ ಹಾಸಿ, ಅದರ ಮೇಲೆ ಮೇಜನ್ನು ಇಟ್ಟೆವು.

ಇಂಧನವನ್ನು ಅಳತೆಯ ಪಾತ್ರೆಯಿಂದಲೇ ಬೆರೆಸಬೇಕು, ಕಣ್ಣಂದಾಜು ಕೂಡದು. ಪಳಗಿಸುವ ಕಾಲಕ್ಕೆ 30 ಪಾಲು ಪೆಟ್ರೋಲಿಗೆ 1 ಪಾಲು ಟೂ-ಸ್ಟ್ರೋಕ್ ಆಯಿಲು, ಎಂದರೆ ಒಂದು ಲೀಟರಿಗೆ 33 ಮಿಲಿಲೀಟರಿನಷ್ಟು, ಬೆರೆಸುವುದು ಸಾಮಾನ್ಯ ರೂಢಿ. ಪಳಗಿದ ಮೇಲೆ 40ಕ್ಕೆ 1ರಂತೆ 25 ಮಿಲಿಲೀಟರು ಸಾಕೆಂದು ಹಲವರು ಹೇಳುವರು. ಆದರೆ ಇಂಜಿನಿನೊಡನೆ ಬಂದ ಕೈಪಿಡಿಯಲ್ಲಿ ಬೇರೆ ಪ್ರಮಾಣ ಕೊಟ್ಟಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ಇನ್ನು ಕಟ್ಟೆಚ್ಚರದ ಮಾತು. ತಿರುಗುವ ಪ್ರೊಪೆಲ್ಲರು ಕಣ್ಣಿಗೆ ಕಾಣುವುದಿಲ್ಲ. ಬೆರಳನ್ನು ಕತ್ತರಿಸಲು ಅದಕ್ಕೆ ಕ್ಷಣವೂ ಬೇಡ. ಬರಿಗೈಯಿಂದ ಅದನ್ನು ತಿರುಗಿಸಿ ಚಾಲೂ ಮಾಡಲೇಕೂಡದು. ಸ್ಟಾರ್ಟರನ್ನೋ ರಬ್ಬರು ಸುತ್ತಿದ ಕೋಲನ್ನೋ ಬಳಸಬೇಕು. ಓಡಣಿಯನ್ನು ತೆಗೆದಿಟ್ಟು, ಜಡೆಯನ್ನು ಎತ್ತಿ ಕಟ್ಟಿ, ಬಳೆಗಳನ್ನು ಕಳಚಿದ ಮೇಲೆಯೇ ಹುಡುಗಿಯರು ಮೇಜಿನ ಬಳಿಗೆ ಬರಬೇಕೆಂಬುದು ನಮ್ಮ ಕಟ್ಟುಪಾಡು. ಪ್ರೊಪೆಲ್ಲರಿನ ಮುಂದಾಗಲಿ, ಅದು ಸುತ್ತುವ ನೇರದಲ್ಲಾಗಲಿ ಯಾರೂ ನಿಲ್ಲಬಾರದು. ಸೂಜಿಯನ್ನು ಹಿಂದಿನಿಂದಲೇ ತಿರುಗಿಸಬೇಕು. ಕಿಡಿಯನ್ನು ನಿಲ್ಲಿಸುವ ಸ್ವಿಚ್ಚು ಒಬ್ಬರ ಕೈಯಲ್ಲಿ ಸದಾ ಇರಬೇಕು. ಕಿವಿಗೆ ರಕ್ಷೆ ಬೇಕು. ಹೊಗೆಯು ವಿಷಮಯವಾದುದರಿಂದ ಕೋಣೆಯೊಳಗೆ ಎಂದಿಗೂ ಓಡಿಸಬಾರದು. ಪೆಟ್ರೋಲಿನ ಡಬ್ಬಿಯು ಒಲೆ ದೀಪಗಳಿಂದ ದೂರವಿರಬೇಕು.

ಪಳಗಿಸುವ ಕ್ರಮ

ಕಾರ್ಬುರೇಟರಿನಲ್ಲಿ ಎರಡು ಸೂಜಿ ತಿರುಪುಗಳಿರುತ್ತವೆ: ಒಂದು ಮಂದ ವೇಗಕ್ಕೆ, ಇನ್ನೊಂದು ಪೂರ್ತಿ ವೇಗಕ್ಕೆ. ತಿರುಪನ್ನು ಬಿಗಿಮಾಡಿದರೆ ಪೆಟ್ರೋಲು ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ. ಸಡಿಲಿಸಿದರೆ ಹೆಚ್ಚಾಗಿ ಗಟ್ಟಿಯಾಗುತ್ತದೆ. ತೆಳು ಅಂಬಲಿ, ಗಟ್ಟಿ ಅಂಬಲಿ ಎಂದು ಹುಡುಗಿಯರು ಇದನ್ನು ಬೇಗ ಗ್ರಹಿಸಿದರು. ಪೆಟ್ರೋಲಿನೊಡನೆಯೇ ಆಯಿಲೂ ಬರುವುದರಿಂದ, ಮಿಶ್ರಣ ತೆಳುವಾದರೆ ಶಾಖ ಏರುವುದಲ್ಲದೆ ಆಯಿಲೂ ಕಡಿಮೆಯಾಗುತ್ತದೆ. ಹೊಸ ಇಂಜಿನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಎರಡೂ ತಿರುಪುಗಳನ್ನು ಮೃದುವಾಗಿ ಪೂರ್ತಿ ಮುಚ್ಚಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ತೆರೆದು ಆರಂಭಿಸುವುದು ವಾಡಿಕೆ. ಮುಚ್ಚುವಾಗ ಬಲವಂತ ಮಾಡಿದರೆ ಸೂಜಿಯ ಮೊನೆ ಕೆಡುವುದು.

ಇಂಜಿನು ಹೊತ್ತಿಕೊಂಡ ಮೇಲೆ ಮಂದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ನಾಲ್ಕೈದು ನಿಮಿಷ ಓಡಿಸಿ ನಿಲ್ಲಿಸಬೇಕು. ಸಿಲಿಂಡರಿನ ಮೇಲೆ ಕೈಯಿಡಬಹುದಾದಷ್ಟು ತಣ್ಣಗಾಗುವವರೆಗೆ ಮುಟ್ಟಬಾರದು. ಹೀಗೆ ನಾಲ್ಕೈದು ಸಲ. ಕಾಯುವುದು, ಆರುವುದು, ಮತ್ತೆ ಕಾಯುವುದು: ಈ ಸರದಿಯಲ್ಲಿಯೇ ಲೋಹವು ಹದಗೊಳ್ಳುತ್ತದೆ. ಬಳಿಕ ಅರ್ಧ ವೇಗಕ್ಕೆ ಏರಿಸುತ್ತ ಇಳಿಸುತ್ತ ಓಡಿಸಬೇಕು. ಆಮೇಲೆ ಐದು ಹತ್ತು ಸೆಕೆಂಡು ಮಾತ್ರ ಪೂರ್ತಿ ವೇಗ ಕೊಟ್ಟು ಕೂಡಲೇ ತಗ್ಗಿಸಬೇಕು.

ಇಲ್ಲಿ ಇನ್ನೊಂದು ಅತಿಯೂ ಇದೆ. ಕೆಟ್ಟೀತೆಂಬ ಭಯದಿಂದ ಗಂಟೆಗಟ್ಟಲೆ ಮಂದ ವೇಗದಲ್ಲಿಯೇ ಓಡಿಸಿದರೆ ಪ್ಲಗ್ಗಿಗೆ ಮಸಿ ಹಿಡಿಯುವುದೇ ಹೊರತು ರಿಂಗು ಹೊಂದಿಕೊಳ್ಳುವುದಿಲ್ಲ. ಅದು ಕೂರಲು ತಕ್ಕಷ್ಟು ಒತ್ತಡವೂ ಬೇಕು. ಹೋರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದರೂ ಅದು ಪಳಗುವುದಿಲ್ಲವಷ್ಟೆ! ಹಗುರವಾದ ಕೆಲಸವನ್ನು ಕೊಟ್ಟು, ವಿಶ್ರಾಂತಿಯನ್ನು ಕೊಟ್ಟು, ಭಾರವನ್ನು ದಿನದಿನಕ್ಕೆ ಹೆಚ್ಚಿಸಬೇಕು. ನಾವು ಮೇಜಿನ ಮೇಲೆ ಒಂದು ಲೀಟರು ಇಂಧನವನ್ನು ಹೀಗೆ ಕಳೆದು, ಉಳಿದ ಪಳಗಿಕೆಯನ್ನು ಆಕಾಶದಲ್ಲಿ ನಿಧಾನವಾದ ಹಾರಾಟಗಳಿಂದ ಪೂರೈಸಿದೆವು.

ಶ್ರುತಿ ಹಿಡಿಯುವುದು

ಪಳಗಿದ ಇಂಜಿನಿಗೆ ಸೂಜಿಗಳನ್ನು ಹೊಂದಿಸುವುದು ತಂಬೂರಿಯ ಶ್ರುತಿ ಹಿಡಿದಂತೆ ಕಿವಿಯ ಕೆಲಸ. ಗಟ್ಟಿ ಮಿಶ್ರಣದಲ್ಲಿ ಇಂಜಿನು ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಹೊತ್ತುವುದರಿಂದ ದನಿಯು ಬಡಬಡನೆ ತೊದಲುತ್ತದೆ. ಹೊಗೆ ಹೆಚ್ಚು, ಪ್ಲಗ್ಗು ಕಪ್ಪು. ಸರಿಯಾದ ಮಿಶ್ರಣದಲ್ಲಿ ತೊದಲು ನಿಂತು ಒಂದೇ ಸಮನಾದ ಝೇಂಕಾರ ಕೇಳುತ್ತದೆ. ಪ್ಲಗ್ಗಿನ ತುದಿ ಕಂದು ಬಣ್ಣಕ್ಕೆ ಬರುತ್ತದೆ. ತೆಳು ಮಿಶ್ರಣದಲ್ಲಿ ದನಿ ಮೊದಲು ಚುರುಕಾಗಿ ಕೇಳಿದರೂ ಸ್ವಲ್ಪ ಹೊತ್ತಿನಲ್ಲಿ ವೇಗ ತಾನಾಗಿ ಕುಗ್ಗುತ್ತದೆ. ಪ್ಲಗ್ಗು ಬೆಳ್ಳಗೆ ಸುಟ್ಟಂತಿರುತ್ತದೆ. ಈ ಮೊದಲ ಚುರುಕೇ ನಮ್ಮನ್ನು ಮೋಸಗೊಳಿಸಿದ್ದು.

ಕ್ರಮವು ಹೀಗೆ. ಇಂಜಿನನ್ನು ಬಿಸಿಮಾಡಿಕೊಂಡು, ಪೂರ್ತಿ ವೇಗ ಕೊಟ್ಟು, ಹೆಚ್ಚು ವೇಗದ ಸೂಜಿಯನ್ನು ಸ್ವಲ್ಪಸ್ವಲ್ಪವಾಗಿ ಬಿಗಿಮಾಡುತ್ತ ವೇಗವು ತುತ್ತತುದಿಗೆ ಬರುವುದನ್ನು ಕೇಳಬೇಕು. ಅಲ್ಲಿ ನಿಲ್ಲದೆ, ಸುಮಾರು ಎಂಟನೆಯ ಒಂದು ಸುತ್ತು ಸಡಿಲಿಸಿ, ವೇಗ ಕಿಂಚಿತ್ ತಗ್ಗುವಂತೆ ಮಾಡಬೇಕು. ಆ ಕಿಂಚಿತ್ ನಷ್ಟವೇ ಇಂಜಿನಿನ ಆಯುಸ್ಸು. ಬಳಿಕ ಮಂದ ವೇಗಕ್ಕೆ ಇಳಿಸಿ, ಒಮ್ಮೆಲೇ ವೇಗ ಕೊಟ್ಟು ನೋಡಬೇಕು. ಕೂಡಲೇ ಉಸಿರು ಕಟ್ಟಿದಂತೆ ನಿಂತುಹೋದರೆ ಮಂದ ವೇಗದ ಸೂಜಿ ತೆಳುವಾಗಿದೆ. ತೊದಲಿ ತೊದಲಿ ಏರಿದರೆ ಗಟ್ಟಿಯಾಗಿದೆ. ಇದನ್ನು ಸರಿಪಡಿಸಿದ ಮೇಲೆ ಮೊದಲನೆಯ ಸೂಜಿಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಏಕೆಂದರೆ ಒಂದನ್ನು ತಿರುಗಿಸಿದರೆ ಇನ್ನೊಂದಕ್ಕೂ ಅದರ ಸೋಂಕು ತಗಲುತ್ತದೆ. ಕೊನೆಗೆ, ವಿಮಾನಕ್ಕೆ ಕಟ್ಟಿದ ಬಳಿಕ, ಇಬ್ಬರು ದೊಡ್ಡವರು ಹಿಂದಿನಿಂದ ಭದ್ರವಾಗಿ ಹಿಡಿದು ಮೂತಿಯನ್ನು ಮೇಲೆತ್ತಿ ಪೂರ್ತಿ ವೇಗದಲ್ಲಿ ಕೇಳಬೇಕು. ಆಗ ದನಿ ಕುಗ್ಗಿದರೆ ಮಿಶ್ರಣ ಇನ್ನೂ ತೆಳುವೆಂದೇ ಅರ್ಥ.

ನಮ್ಮ ಸೀಮೆಯ ಬಿಸಿಲು

ಒಮ್ಮೆ ಹಿಡಿದ ಶ್ರುತಿಯು ಶಾಶ್ವತವೆಂದು ಯಾರೂ ಭಾವಿಸಬಾರದು. ಗಾಳಿ ಕಾದಷ್ಟೂ ಹಗುರವಾಗುತ್ತದೆ. ನಮ್ಮಲ್ಲಿ ಚಳಿಗಾಲದ ಬೆಳಗಿನ 20 ಡಿಗ್ರಿಯ ಗಾಳಿಗೆ ಹೋಲಿಸಿದರೆ ಬೇಸಗೆಯ ಮಧ್ಯಾಹ್ನದ 42 ಡಿಗ್ರಿಯ ಗಾಳಿಯು ನೂರಕ್ಕೆ ಸುಮಾರು 7 ಪಾಲು ಹಗುರ. ಇಂಜಿನು ಉಸಿರಾಡುವ ಗಾಳಿಯೇ ಕಡಿಮೆಯಾದಾಗ, ಸೂಜಿ ಇದ್ದಲ್ಲಿಯೇ ಇದ್ದರೂ ಮಿಶ್ರಣ ಗಟ್ಟಿಯಾಗುತ್ತದೆ, ಬಲವೂ ತಗ್ಗುತ್ತದೆ. ರಾಯಚೂರಿನ ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಬೆಂಗಳೂರು 900 ಮೀಟರಿಗೂ ಮೇಲಿದೆ. ಲೆಕ್ಕ ಹಾಕಿ ನೋಡಿದಾಗ, ನಮ್ಮ ವೈಶಾಖದ ಮಧ್ಯಾಹ್ನದ ಗಾಳಿಯೂ ಬೆಂಗಳೂರಿನ ತಂಪಾದ 25 ಡಿಗ್ರಿಯ ಗಾಳಿಯೂ ಸಾಂದ್ರತೆಯಲ್ಲಿ ಬಹುತೇಕ ಸಮವೆಂದು ಕಂಡು ನಮಗೇ ಆಶ್ಚರ್ಯವಾಯಿತು.

ಅಪಾಯವಿರುವುದು ಇದರ ವಿಪರ್ಯಯದಲ್ಲಿ. ಬಿಸಿಲ ಹೊತ್ತಿನಲ್ಲಿ ಬಿಗಿಯಾಗಿ ಹೊಂದಿಸಿದ ಸೂಜಿಯನ್ನು ಹಾಗೆಯೇ ಬಿಟ್ಟು, ಮುಂದೊಂದು ತಣ್ಣನೆಯ ಮುಂಜಾವಿನಲ್ಲಿ ಹಾರಿಸಿದರೆ, ಗಾಳಿ ದಟ್ಟವಾಗಿ ಮಿಶ್ರಣ ತೆಳುವಾಗುತ್ತದೆ. ಆದುದರಿಂದ ಋತು ಬದಲಾದಾಗಲೆಲ್ಲ, ದಿನದ ಹೊತ್ತು ಬದಲಾದಾಗಲೂ, ಕಿವಿಗೊಟ್ಟು ಕೇಳಿ ಸೂಜಿಯನ್ನು ನೋಡಿಕೊಳ್ಳಬೇಕು. ನಡುಹಗಲಿನಲ್ಲಿ ಇಂಜಿನು ತಣಿಯುವುದೂ ನಿಧಾನವಾದುದರಿಂದ ಪಳಗಿಸುವ ಕೆಲಸಕ್ಕೆ ಬೆಳಗಿನ ಹೊತ್ತೇ ಲೇಸು.

ಪೆಟ್ರೋಲಿನ ವಿಷಯದಲ್ಲಿಯೂ ಒಂದು ಮಾತು. ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆತು, ಅದು ಬಳಿಕ ದೇಶದಲ್ಲೆಲ್ಲ ಹರಡಿತು. ಒಂದು ತೂಕ ಪೆಟ್ರೋಲು ಉರಿಯಲು 14.7 ತೂಕ ಗಾಳಿ ಬೇಕಾದರೆ, ಎಥೆನಾಲಿಗೆ 9 ತೂಕ ಸಾಕು. ಆದುದರಿಂದ ಹಳೆಯ ಕೈಪಿಡಿಯ ಅಳತೆಗೆ ಸೂಜಿಯನ್ನಿಟ್ಟರೆ ಈ ಪೆಟ್ರೋಲಿನಲ್ಲಿ ಮಿಶ್ರಣ ತೆಳುವಾದೀತು. ತುಸು ಹೆಚ್ಚು ತೆರೆಯಬೇಕು. ಎಥೆನಾಲ್ ಗಾಳಿಯ ತೇವವನ್ನು ಹೀರುವುದು. ಕಾರ್ಬುರೇಟರಿನ ರಬ್ಬರು ಪೊರೆಗಳನ್ನೂ ಕೆಡಿಸಬಲ್ಲದು. ಕೆಲಸ ಮುಗಿದ ಮೇಲೆ ತೊಟ್ಟಿಯನ್ನು ಬರಿದುಮಾಡಿ, ಉಳಿದುದು ಮುಗಿದು ನಿಲ್ಲುವವರೆಗೆ ಇಂಜಿನನ್ನು ಮಂದ ವೇಗದಲ್ಲಿ ಓಡಿಸಿ, ಬಳಿಕ ಎತ್ತಿಡಬೇಕು. ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಟ್ಟು ಬಳಸಬಾರದು.

ಪೋಷಕರಲ್ಲಿ ಒಂದು ಅರಿಕೆ

ಹೆಣ್ಣುಮಕ್ಕಳ ಕೈಗೆ ಇಂಥ ಯಂತ್ರವನ್ನು ಕೊಡುವುದು ಸರಿಯೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಮೇಲೆ ಅದನ್ನು ಮರೆಮಾಚದೆ ಬರೆದಿದ್ದೇವೆ. ಆದರೆ ಆ ಅಪಾಯವು ಹುಡುಗನಿಗೂ ಹುಡುಗಿಗೂ ಒಂದೇ, ಎಚ್ಚರವೂ ಒಂದೇ. ದೊಡ್ಡವರ ಸಮಕ್ಷಮವಿಲ್ಲದೆ ನಮ್ಮಲ್ಲಿ ಇಂಜಿನು ಚಾಲೂ ಆಗುವುದಿಲ್ಲ. ಹಾರಿಸುವ ವಿಷಯದಲ್ಲಿ 2021ರ ಡ್ರೋನ್ ನಿಯಮಗಳಿವೆ. ಹಾರಿಸುವವರು ಆಗ ಜಾರಿಯಲ್ಲಿರುವ ನಿಯಮವನ್ನೂ ವಾಯುವಲಯದ ನಕ್ಷೆಯನ್ನೂ ನೋಡಿಕೊಂಡೇ ಹೊರಡತಕ್ಕದ್ದು.

1936ರಲ್ಲಿಯೇ ಸರಳಾ ಠಕ್ರಾಲ್ ಎಂಬ ಮಹಿಳೆಯು 21ನೆಯ ವಯಸ್ಸಿನಲ್ಲಿ ವಿಮಾನ ಚಾಲನೆಯ ಪರವಾನಗಿ ಪಡೆದಿದ್ದರು. 2016ರ ಜೂನ್ 18ರಂದು ನಮ್ಮ ವಾಯುಸೇನೆಯ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕಿಯರಾಗಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ನೇಮಕಗೊಂಡರು. ಮುಂದಿನ ತರಬೇತಿಗೆ ಅವರು ಬಂದುದು ನಮ್ಮದೇ ಕಡೆಯ ಬೀದರಿಗೆ. ನಮ್ಮ ಹುಡುಗಿಯರೆಲ್ಲರೂ ಆಕಾಶಕ್ಕೆ ಏರಬೇಕೆಂದೇನೂ ಇಲ್ಲ. ಯಂತ್ರವೊಂದರ ಮುಂದೆ ನಿಂತಾಗ "ಇದು ನನ್ನಿಂದಾಗದು" ಎಂದು ಹಿಂಜರಿಯದಿದ್ದರೆ ಸಾಕು.

ಎರಡನೆಯ ಇಂಜಿನು ಕುರ್ಡಿಯ ಅದೇ ಹೊಲದ ಮೇಲೆ ಹಾರಿತು. ಅದಕ್ಕಿಂತಲೂ ನಮಗೆ ಹೆಚ್ಚು ಸಂತೋಷ ಕೊಟ್ಟ ಸಂಗತಿ ಬೇರೊಂದಿದೆ. ಆ ಹೊಲದ ಯಜಮಾನರು ಮುಂದಿನ ಹಂಗಾಮಿಗೆ ಹೊಸದೊಂದು ಔಷಧದ ಪಂಪನ್ನು ಕೊಂಡರು. ಕೊಂಡ ದಿನವೇ ಹೆಗಲಿಗೇರಿಸಲು ಹೊರಟವರನ್ನು ನಮ್ಮ ಶಾಲೆಯಲ್ಲಿ ಓದುತ್ತಿದ್ದ ಅವರ ಮಗಳೇ ತಡೆದಳಂತೆ. "ಅಪ್ಪಾ, ಹೊಸ ಹೋರಿ ಅದು. ಎರಡು ದಿನ ನನ್ನ ಕೈಯಾಗ ಕೊಡು" ಎಂದು ಹೇಳಿ, ಅಳತೆಯಂತೆ ಆಯಿಲು ಬೆರೆಸಿ, ಅಂಗಳದ ಬೇವಿನ ನೆರಳಿನಲ್ಲಿ ಓಡಿಸುತ್ತ ಆರಿಸುತ್ತ ಪಳಗಿಸಿಕೊಟ್ಟಳಂತೆ. ಹಂಗಾಮು ಮುಗಿದ ಮೇಲೆ ಆ ತಂದೆಯು ಶಾಲೆಗೆ ಬಂದು ಈ ಮಾತನ್ನು ತಾವಾಗಿಯೇ ಹೇಳಿದರು; ಪಂಪು ಒಂದು ದಿನವೂ ಕೈಕೊಡಲಿಲ್ಲವೆಂದೂ ಹೇಳಿದರು. ಕೆಟ್ಟುಹೋದ ಮೊದಲ ಇಂಜಿನನ್ನು ನಾವು ಇನ್ನೂ ಎಸೆಯದೆ ಇಟ್ಟುಕೊಂಡಿದ್ದೇವೆ. ಹೊಸ ತರಗತಿಯ ಹುಡುಗಿಯರಿಗೆ ಮೊದಲ ಪಾಠವನ್ನು ಕಲಿಸುವುದು ಅದೇ.